ಅಷ್ಟಮಿಯ ಮಧ್ಯಾಹ್ನದ ಮೂರೂವರೆ ಗಂಟೆ

ದೆವ್ವ, ಗಾಳಿ, ಕಣ್ಕಟ್ಟು ಎಂದು ಯಾರಾದರೂ ಕಥೆ ತೆಗೆದರೆ ಮೂಗು ಮುರಿಯುತ್ತಿದ್ದವರಲ್ಲಿ ನಾನೇ ಮೊದಲಿಗ. ಮಣ್ಣು ಅಗೆಯುವ ಎಕ್ಸ್‌ಕವೇಟರ್‌ಗಳಿಗೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಾಯಿಲೆ ಹುಡುಕುವುದು ನನ್ನ ಕಸುಬು. ಎಂಜಿನ್ನಿನಲ್ಲಿ ಏನೇ ಹೆಚ್ಚುಕಮ್ಮಿಯಾದರೂ ಅದರ ಕಂಟ್ರೋಲ್ ಬಾಕ್ಸ್ ಒಂದು ಕೋಡ್ ಬರೆದಿಡುತ್ತದೆ. ಎಷ್ಟು ಸಲ ಆಯಿತು, ಎಷ್ಟು ಗಂಟೆ ಓಡಿದಾಗ ಆಯಿತು, ಎಲ್ಲವೂ ಅದರಲ್ಲಿರುತ್ತದೆ. ಹೀಗೆ ಎಲ್ಲೂ ದಾಖಲಾಗದೆ ಏನೂ ನಡೆಯುವುದಿಲ್ಲ ಎಂಬ ಜಂಬ ನನಗಿತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಹುಬ್ಬಳ್ಳಿಯ ವರ್ಕ್‌ಶಾಪು ಬಿಟ್ಟು ನಾನು ಕೋಲ್ಕತ್ತಕ್ಕೆ ಹೋದಾಗ ರಾಜಾರ್‌ಹಾಟ್ ಕಡೆ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆ ಎಲ್ಲೆಂದರಲ್ಲಿ ಪಾಯ ತೋಡುತ್ತಿದ್ದರು. ಹೊಸ ಯಂತ್ರ ಕೊಳ್ಳಲಾಗದ ಗುತ್ತಿಗೆದಾರರು ಹೊರದೇಶದಲ್ಲಿ ದುಡಿದು ಹಣ್ಣಾದ ಯಂತ್ರಗಳನ್ನು ಕೊಳ್ಳುತ್ತಿದ್ದರು. ಅಂಥವನ್ನು ಹಡಗಿನಲ್ಲಿ ತರಿಸಿ, ರಿಪೇರಿ ಮಾಡಿ ಮಾರುವ ತಾರಾತಲಾದ ಒಂದು ಯಾರ್ಡಿನಲ್ಲಿ ನನಗೆ ಕೆಲಸ; ಬೆಹಾಲಾದಲ್ಲಿ ಒಂದು ಬಾಡಿಗೆ ಕೋಣೆ. ಬಂಗಾಳಿ ಬರುತ್ತಿರಲಿಲ್ಲ, ಹಿಂದಿ ಕೆಲಸಕ್ಕೆ ಬೇಕಾದಷ್ಟು ಮಾತ್ರ. ಕಾಫಿಪುಡಿಯ ನೆಪದಲ್ಲಿ, ದಕ್ಷಿಣದವರ ಅಂಗಡಿಗಳಿದ್ದ ಲೇಕ್ ಮಾರ್ಕೆಟ್ಟಿಗೆ ಹೋಗಿ, ಯಾರ ಬಾಯಿಂದಾದರೂ ಕನ್ನಡ ಬೀಳುತ್ತದೇನೋ ಎಂದು ಅಂಗಡಿ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಭಾನುವಾರ ಮನೆಗೆ ಫೋನ್ ಮಾಡಿದಾಗ ಹತ್ತು ನಿಮಿಷ ಮಾತು. ಅದು ಬಿಟ್ಟರೆ ಅಲ್ಲಿದ್ದ ಎರಡು ವರ್ಷದಲ್ಲಿ ನಾನು ಯಾರೊಂದಿಗೂ ಮನಸಾರೆ ಹರಟಿದ ನೆನಪಿಲ್ಲ.

ಆ ವರ್ಷ ದುರ್ಗಾಪೂಜೆಗೆ ಮುಂಚೆ ಬಂದ ಒಂದು ಹಳದಿ ಯಂತ್ರ ನನ್ನ ನಿದ್ದೆ ಕೆಡಿಸಿತು. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಆಪರೇಟರ್ ನಿಮಾಯ್‌ದಾ ಪರೀಕ್ಷೆಗೆಂದು ಓಡಿಸುವಾಗ ಇಳಿಜಾರಿನಲ್ಲಿ ಹಾಗೆ ನಿಂತು, ಅವರ ಹಣೆ ಗಾಜಿಗೆ ಬಡಿದು ಮೂರು ಹೊಲಿಗೆ ಬಿದ್ದಿತ್ತು. ಎಂಜಿನ್ ವೇಗದ ಸೆನ್ಸರ್‌ನಿಂದ ಸಿಗ್ನಲ್ ಬರುತ್ತಿಲ್ಲ ಎಂದು ಕೋಡ್ ಹೇಳುತ್ತಿತ್ತು. ಸೆನ್ಸರ್ ಬದಲಾಯಿಸಿದೆ, ಕೋಡ್ ಅಳಿಸಿದೆ. ಮತ್ತೆ ಅದೇ ಕೋಡ್. ಮಾಲೀಕರಿಗೆ ಅವಸರ. ದಶಮಿ ಮುಗಿದ ಮರುದಿನ ಯಂತ್ರ ರಾಜಾರ್‌ಹಾಟ್‌ನ ಆಳದ ಪಾಯಕ್ಕೆ ಇಳಿಯಲೇಬೇಕು, ಕೋಡ್ ಅಳಿಸಿ ಕಳಿಸಿದರೆ ಸಾಕು ಎಂದರು. ಅದರಲ್ಲಿ ಕೂರಬೇಕಾದವರು ನಿಮಾಯ್‌ದಾ. ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ ಅವರು ಅಂದದ್ದು ಇಷ್ಟೇ: "ತುಮಿ ದೇಖೇ ದಿಲೇ ಆಮಿ ಚಾಲಾಬೋ." ನೀನು ನೋಡಿಕೊಟ್ಟರೆ ನಾನು ಓಡಿಸುತ್ತೇನೆ ಎಂದು. ಬೈದಿದ್ದರೂ ಅಷ್ಟು ಭಾರವಾಗುತ್ತಿರಲಿಲ್ಲ.

ದೋಷ ಸೆನ್ಸರ್‌ನಿಂದ ಕಂಟ್ರೋಲ್ ಬಾಕ್ಸಿನವರೆಗಿನ ವೈರಿನಲ್ಲಿ ಎಲ್ಲೋ ಇತ್ತು. ಅದನ್ನು ಹುಡುಕಲು ಇಬ್ಬರು ಬೇಕು. ಎಂಜಿನ್ ಓಡುತ್ತಿರುವಾಗ ಒಬ್ಬ ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಕೂರಬೇಕು, ಇನ್ನೊಬ್ಬ ಹಿಂದೆ ಬಾನೆಟ್ಟಿನೊಳಗೆ ಕೈ ಹಾಕಿ ವೈರನ್ನು ಅಂಗುಲ ಅಂಗುಲವಾಗಿ ಅಲುಗಾಡಿಸಬೇಕು. ಸರಿಯಾದ ಜಾಗ ಅಲುಗಿದಾಗ ಪರದೆಯ ಮೇಲಿನ ವೇಗದ ಅಂಕಿ ಅರೆಕ್ಷಣ ಸೊನ್ನೆಗಿಳಿದು ಮೇಲೇಳುತ್ತದೆ. ನೋಡುವವನ ಕಣ್ಣು ಆಚೀಚೆ ಹೋದರೆ ಮುಗಿಯಿತು. ಯಾರ್ಡಿನವರನ್ನು ಕೂರಿಸಿ ನೋಡಿದೆ, ಆದರೆ ಅವರ ಮನಸ್ಸೆಲ್ಲ ಆಗಲೇ ಪೂಜೆಯ ಪ್ಯಾಂಡಲ್ಲಿನಲ್ಲಿತ್ತು. ಆಮೇಲೆ ರಜೆ ಬಂತು.

ಅಷ್ಟಮಿಯ ದಿನ ಊರಿಗೆ ಊರೇ ಹೊಸ ಬಟ್ಟೆ ತೊಟ್ಟು ಬೀದಿಗಿಳಿದಿತ್ತು. ನಾನು ಹಳೇ ಬಟ್ಟೆ ತೊಟ್ಟು ಯಾರ್ಡಿಗೆ ಹೋದೆ. ಗೇಟಿನಲ್ಲಿ ದರ್ವಾನ್ ಪಾಂಡೆಜಿ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಪಕ್ಕದ ಬೀದಿಯಿಂದ ಪೂಜೆಯ ಡೋಲು ಢಾಕ್ ಬಡಿಯುವ ಸದ್ದು. ಒಬ್ಬನೇ ಏನು ಮಾಡುತ್ತೇನೆಂದು ನನಗೇ ತಿಳಿಯದು. ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ಇದು ವಾಸಿ ಅನ್ನಿಸಿತ್ತು. ಕ್ಯಾಬಿನ್ ಹತ್ತಿ, ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ಮೀಟರಿನ ಲೆಕ್ಕ ಬರೆದುಕೊಂಡು, ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಚಾಲೂ ಮಾಡಿದೆ. ಆಗ ಹನ್ನೆರಡು ಗಂಟೆ.

ನನ್ನ ಮುಂದಿನ ನೆನಪು ಬಾನೆಟ್ ಪಕ್ಕ ನೆಲದ ಮೇಲೆ ಕೂತಿರುವುದು. ಎಂಜಿನ್ ನಿಂತಿತ್ತು, ನೆರಳು ಇನ್ನೊಂದು ಬದಿಗೆ ಹೊರಳಿತ್ತು, ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಮೊಣಕೈವರೆಗೆ ಗ್ರೀಸು, ಕೂಗಿ ಕೂಗಿ ಒಡೆದ ಗಂಟಲು. ಪಕ್ಕದಲ್ಲಿ ಚಹಾ ಕುಡಿದ ಎರಡು ಮಣ್ಣಿನ ಕುಡಿಕೆ. ಬ್ಯಾಟರಿ ಪೆಟ್ಟಿಗೆಯ ಹಿಂದೆ, ಕ್ಲಾಂಪಿನ ಅಡಿ ಸವೆದಿದ್ದ ವೈರನ್ನು ಕತ್ತರಿಸಿ ಬೆಸುಗೆ ಹಾಕಿ ಕೊಳವೆ ತೊಡಿಸಲಾಗಿತ್ತು. ಬೆಸುಗೆ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಕೋಡ್ ಪಟ್ಟಿ ಖಾಲಿ. ಮೀಟರ್ ಮೂರೂವರೆ ಗಂಟೆ ಮುಂದೆ ಹೋಗಿತ್ತು.

ಗೇಟಿಗೆ ಓಡಿದೆ. ಪಾಂಡೆಜಿ ನಗುತ್ತಾ ಕೇಳಿದರು, "ದೂಸ್ರೇ ಸಾಹಬ್ ಚಲೇ ಗಯೇ ಕ್ಯಾ?" ಇನ್ನೊಬ್ಬ ಸಾಹೇಬರು ಹೊರಟರಾ ಎಂದು. ಯಾವ ಸಾಹೇಬರು ಎಂದರೆ, ಕ್ಯಾಬಿನ್ನಿನಲ್ಲಿ ಕೂತಿದ್ದವರು ಎಂದರು. ಅವರು ಬಂದದ್ದನ್ನು ಪಾಂಡೆಜಿ ನೋಡಿರಲಿಲ್ಲ. ಚಹಾ ಇಡಲು ಬಂದಾಗ ಧೂಳು ಹಿಡಿದ ಗಾಜಿನಾಚೆ ಒಂದು ತಲೆ ಕಂಡಿತ್ತಂತೆ, ಅಷ್ಟೇ. ನಾನು ಹಿಂದಿನಿಂದ ಕೂಗುವುದು, ಅವರು ಒಳಗಿನಿಂದ ಉತ್ತರ ಕೊಡುವುದು, "ಬಂತು, ಬಂತು", "ಹೋತು, ಹೋತು", ನಡುನಡುವೆ ಇಬ್ಬರೂ ಬಿದ್ದು ಬಿದ್ದು ನಗುವುದು ಅವರಿಗೆ ಕೇಳಿಸಿತ್ತಂತೆ. "ಆಪ್ ಕೋ ಇತ್ನಾ ಹಸತೇ ಕಭೀ ನಹೀ ದೇಖಾ," ಎಂದರು ಪಾಂಡೆಜಿ. ನಾನು ಅಷ್ಟು ನಕ್ಕಿದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲವಂತೆ. ಆ ಕನ್ನಡ ಪದಗಳನ್ನು ಅವರು ಬೇರೆಲ್ಲಿಯೂ ಕೇಳಿರುವ ಸಾಧ್ಯತೆ ಇರಲಿಲ್ಲ. ಯಾರ್ಡಿನಲ್ಲಿ ನಾನು ಅವನ್ನು ಆಡಿದವನೇ ಅಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಜೊತೆ ಈ ಕೆಲಸ ಮಾಡುತ್ತಾ, ಸಿಗ್ನಲ್ ಬಂದಾಗ ಹೋದಾಗ ಹಾಗೇ ಕೂಗುತ್ತಿದ್ದವನು ಸಂಗಪ್ಪ. ನೇರ ಬೂತಿಗೆ ಹೋಗಿ ಅವನ ಮನೆಗೆ ಫೋನ್ ಮಾಡಿದೆ. ಅವನು ತೀರಿಕೊಂಡ ಸುದ್ದಿ ಕೇಳಬೇಕಾದೀತೆಂದು ಹೆದರಿದ್ದೆ. ಅವನೇ ಎತ್ತಿದ. "ಏನಲೇ, ಹಬ್ಬದಾಗ ನೆನಪಾತೇನ? ಮಧ್ಯಾಹ್ನ ಎಲ್ಲಾ ಮಲಗಿದ್ದೆ ನೋಡ, ಈಗ ಎದ್ದೆ," ಎಂದ. ಗಟ್ಟಿಮುಟ್ಟಾಗಿದ್ದ, ಈಗಲೂ ಇದ್ದಾನೆ. ಕನಸೇನಾದರೂ ಬಿತ್ತೇ ಎಂದು ಕೇಳಿದರೆ ನಕ್ಕುಬಿಟ್ಟ.

ದಶಮಿಯ ಮರುದಿನ ನಿಮಾಯ್‌ದಾ ಯಂತ್ರವನ್ನು ಪಾಯಕ್ಕೆ ಇಳಿಸಿದರು. ನಾನು ಅಂಚಿನಲ್ಲಿ ನಿಂತು ನೋಡಿದೆ. ಅದು ಅವತ್ತೂ ನಿಲ್ಲಲಿಲ್ಲ, ಆಮೇಲೆಯೂ ನಿಲ್ಲಲಿಲ್ಲ. ಒಬ್ಬನೇ ಹೇಗೆ ಹಿಡಿದೆ ಎಂದು ಮಾಲೀಕರು ಬೆನ್ನು ತಟ್ಟಿದರು. ಬಿಸಿಲಿಗೆ ತಲೆ ಕೆಟ್ಟಿರಬಹುದು, ಪಾಂಡೆಜಿ ಭಂಗಿ ಕುಡಿದಿರಬಹುದು ಎಂದು ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೆ ಬಾನೆಟ್ಟಿನೊಳಗೆ ಕೈಯಿಟ್ಟವನು ಕ್ಯಾಬಿನ್ನಿನ ಪರದೆ ನೋಡಲಾರ. ಅದು ಮಾತ್ರ ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಮರುವರ್ಷದ ಅಷ್ಟಮಿಗೂ ನಾನು ಯಾರ್ಡಿಗೆ ಹೋದೆ. ಅಂದು ಕೆಟ್ಟ ಯಂತ್ರ ಯಾವುದೂ ಇರಲಿಲ್ಲ. ಆದರೂ ಒಂದನ್ನು ಚಾಲೂ ಮಾಡಿ, ಕ್ಯಾಬಿನ್ ಬಾಗಿಲು ತೆರೆದಿಟ್ಟು, ಹಿಂದೆ ಬಾನೆಟ್ಟಿನ ಹತ್ತಿರ ಸಂಜೆವರೆಗೆ ನಿಂತಿದ್ದೆ. ಒಂದೆರಡು ಸಲ ಕೂಗಿಯೂ ನೋಡಿದೆ. ಎಂಜಿನ್ ಸದ್ದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ.

ಹೆದರಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಹೆದರಿಕೆ ಒಂದೆರಡು ದಿನ ಇತ್ತು, ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಉಳಿದಿರುವುದು ಹೊಟ್ಟೆಕಿಚ್ಚು. ಆ ಮಧ್ಯಾಹ್ನ ಯಾರೊಂದಿಗೋ ಕನ್ನಡದಲ್ಲಿ ಗಂಟಲು ಒಡೆಯುವಂತೆ ಮಾತಾಡಿ ನಕ್ಕವನು ನಾನೇ ಇರಬಹುದು. ಆದರೆ ಅದರಲ್ಲಿ ಒಂದೇ ಒಂದು ಮಾತನ್ನೂ ಅವನು ನನಗಾಗಿ ಉಳಿಸಲಿಲ್ಲ.