ಹದಿನೆಂಟು ಚೌಕ

ಸಂಪತ್ ಕುಮಾರ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದ. ಒಂದು ತಪ್ಪು ಹೆಸರಿಗೆ ಅಂಟಿಕೊಂಡು ಅವನಿಗೆ ಬಡ್ತಿಯೇ ಸಿಗಲಿಲ್ಲ. ಅದಕ್ಕೆ ಕಾರಣ ನಾನು. ಅವನು ಬದುಕಿದ್ದಾಗಲೇ ಇದನ್ನು ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

೧೯೭೬ರಲ್ಲಿ ಮದ್ದೂರಿನ ಕಬ್ಬು ಬೆಳೆಗಾರರ ಸಂಘವೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಪಟ್ಟಿಯನ್ನು ಬೆಂಗಳೂರಿನ ಕಂಪ್ಯೂಟರ್ ಮಾಡಿಕೊಡುತ್ತಿತ್ತು. ನಾವು ಹಾಳೆಯ ಮೇಲೆ ಚೌಕಕ್ಕೊಂದು ಅಕ್ಷರ ತುಂಬಿ ಕಳಿಸಬೇಕು. ಹೆಸರಿಗೆ ಹದಿನೆಂಟು ಚೌಕ, ನಾಟಿಯ ತಿಂಗಳಿಗೆ ಎರಡು, ಎಕರೆಯ ಲೆಕ್ಕಕ್ಕೆ ಒಂದು. ಯಂತ್ರಕ್ಕೇನು ಗೊತ್ತು? ಹತ್ತೊಂಬತ್ತು, ಇಪ್ಪತ್ತನೇ ಚೌಕದಲ್ಲಿ ಏನಿದ್ದರೂ ಅದಕ್ಕೆ ಅದೇ ತಿಂಗಳು. ಶಿವಪುರದಲ್ಲಿದ್ದ ನಮ್ಮವ್ವ ದೇವಿರಮ್ಮನ ಎರಡು ಎಕರೆಯೂ ಆ ಪಟ್ಟಿಯಲ್ಲಿತ್ತು. ಜನವರಿಯಲ್ಲಿ ನೆಟ್ಟ ಕಬ್ಬು, ವರ್ಷಕ್ಕೆ ಕಡಿಯಬೇಕು; ಮನೆಗೆ ಅದೊಂದೇ ಆಧಾರ.

ಪ್ರೆಸ್ಸಿನಿಂದ ಹೊಸ ಕಟ್ಟು ಬಂದರೆ ಸಂಪತ್ ಕುಮಾರ ಹಳೇ ಹಾಳೆಯನ್ನು ಹೊಸದರ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಬೆಂಕಿಕಡ್ಡಿಯಿಂದ ಚೌಕ ಎಣಿಸುತ್ತಿದ್ದ. ಎಣಿಸುವ ತನಕ ಯಾರೂ ಪೆನ್ನು ಮುಟ್ಟುವಂತಿಲ್ಲ. ಮಡಿ ಇನ್ನೂ ಮುಗಿಯಲಿಲ್ಲವೇ ಎಂದು ನಾವು ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದೆವು.

ಆ ಸಲ ಕಟ್ಟು ಬಂದಾಗ ಅವನು ತಂದೆಯ ತಿಥಿಗೆಂದು ಹನಕೆರೆಗೆ ಹೋಗಿದ್ದ. ನಾನೆಂಥ ದಡ್ಡ ನೋಡಿ, ಎಣಿಸಲಿಲ್ಲ. ನಾನೇ ತುಂಬಿ, ‘ಪರಿಶೀಲಿಸಿದವರು’ ಎಂಬಲ್ಲಿ ಅವನ ಹೆಸರಿನ ಮೊಹರು ಒತ್ತಿ ಕಳಿಸಿಬಿಟ್ಟೆ.

ಹೆಸರಿಗೆ ಹದಿನೇಳೇ ಚೌಕವಿತ್ತು. ಮುಂದಿನದೆಲ್ಲ ಒಂದು ಚೌಕ ಹಿಂದೆ ಸರಿದಿತ್ತು. ಮಾರ್ಚಿನ 03, ಪಕ್ಕದ ನಾಲ್ಕು ಎಕರೆ ಸೇರಿ 34ನೇ ತಿಂಗಳಾಯಿತು. ಅಂಥವು ಬೆಂಗಳೂರಿನಿಂದ ವಾಪಸ್ ಬಂದವು. ಸಂಪತ್ ಕುಮಾರ ಆಗ ಎಣಿಸಿ ನೋಡಿ, ಎಲ್ಲವನ್ನೂ ಮತ್ತೆ ಬರೆಯಬೇಕೆಂದು ಕಾರ್ಯದರ್ಶಿಯ ಮುಂದೆ ಗೋಗರೆದ. ವಾಪಸ್ ಬಂದಷ್ಟನ್ನು ತಿದ್ದಿದರೆ ಸಾಕೆಂದರು ಅವರು. ಜನವರಿಯ 01, ಎರಡು ಎಕರೆಯ ಜೊತೆ ಸೇರಿ 12 ಆಗಿ, ಡಿಸೆಂಬರಿನ ನಾಟಿಯೆಂದು ಯಾರಿಗೂ ಕಾಣದೆ ಕೂತಿತು.

ಮರುವರ್ಷ ಜನವರಿಯಲ್ಲಿ ಅವ್ವನಿಗೆ ಕಟಾವಿನ ಚೀಟಿ ಬರಲಿಲ್ಲ. ಪಟ್ಟಿಯಲ್ಲಿ ಅವಳ ಸರದಿ ಆ ವರ್ಷದ ಡಿಸೆಂಬರಿಗಿತ್ತು; ಪಟ್ಟಿ ಮೀರಿ ಕೊಡುವುದಿಲ್ಲವೆಂದರು. ಏಪ್ರಿಲ್ ಹೊತ್ತಿಗೆ ಕಬ್ಬು ಸೂಲಂಗಿ ಹೂ ಬಿಟ್ಟು, ಒಳಗೆ ರಸವಿಲ್ಲದೆ ಬೆಂಡಾಗಿ ಒಣಗಿತು. ಅವ್ವ ಆಫೀಸಿಗೇ ಬಂದಳು. ಕಾರ್ಯದರ್ಶಿ ಹಾಳೆ ತೆಗೆದು ಮೊಹರು ತೋರಿಸಿದರು. ಅವಳು ಸಂಪತ್ ಕುಮಾರನ ಕಡೆ ತಿರುಗಿದಳು.

“ಅಯ್ನೋರೆ, ನನ್ ಮಗ ನಿಮ್ ಪಕ್ಕದಲ್ಲೇ ಕುಂತವ್ನೆ. ಅವನ್ ಮೊಕ ನೋಡಾದ್ರೂ ವಸಿ ಎಣಿಸ್ಬಾರ್ದಿತ್ತಾ?”

ಸಂಪತ್ ಕುಮಾರ ಒಮ್ಮೆ ನನ್ನ ಕಡೆ ನೋಡಿದ. ನಾನು ಕಾಗದ ಜೋಡಿಸುತ್ತಿದ್ದೆ.

“ತಪ್ಪಾಯ್ತಮ್ಮ,” ಅಂದ.

ಅವ್ವ ನನ್ನ ಕೈ ಹಿಡಿದಳು. “ಬಾ ಮಗ. ಇಂತೋರ ಜತೆ ಕೂರ್ಬ್ಯಾಡ.”

ನಾನು ಎದ್ದು ಅವಳ ಹಿಂದೆ ಹೋದೆ.