ಕಾಲು ನೋಡುತ್ತಿದ್ದ ಡಾಕ್ಟರಮ್ಮ

ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ನಮ್ಮ ವಿಶ್ವವಿದ್ಯಾಲಯದ ವ್ಯಾನು ಯಲಹಂಕದಿಂದ ಹೆಸರಘಟ್ಟದಾಚೆಯ ಹಳ್ಳಿಗಳಿಗೆ ಹೋಗುತ್ತಿತ್ತು. ತಂಡಕ್ಕೆ ಹಿರಿಯರು ಒಬ್ಬ ಡಾಕ್ಟರಮ್ಮ. ರಕ್ತ ತೆಗೆಯುವುದು ನನ್ನ ಕೆಲಸ. ಸಂಶೋಧನೆಗೆ ಬೇಕಿದ್ದದ್ದೂ ರಕ್ತ ಮಾತ್ರ. ಆದರೆ ಅವರು ಚಾಪೆಯ ಮೇಲೆ ಕೂತು, ಸೀರೆಯ ಮೇಲೊಂದು ಟವೆಲು ಹಾಸಿಕೊಂಡು, ಬಂದವರಿಗೆಲ್ಲ "ಮೊದ್ಲು ಕಾಲು ತೋರ್ಸಿ" ಅನ್ನುತ್ತಿದ್ದರು. ಡಾಕ್ಟರ ತೊಡೆ ಮೇಲೆ ಕಾಲಿಡಲು ಜನ ನಾಚಿ ಮುದುಡುತ್ತಿದ್ದರು.

ಗುಲಾಬಿ ಬೆಳೆಯುವ ತಾತನೊಬ್ಬ ಒಪ್ಪಲೇ ಇಲ್ಲ. "ನಿಮ್ ತೊಡೆ ಮ್ಯಾಲೆ ಕಾಲಿಡಕ್ಕಾಯ್ತದಾ ತಾಯಿ? ನಂಗೇನೂ ನೋವಿಲ್ಲ, ಓಗ್ತೀನಿ."

"ನೋವಿಲ್ಲ ಅಂದ್ರೇನೇ ನಂಗೆ ಭಯ ತಾತ" ಎಂದು ಡಾಕ್ಟರಮ್ಮನೇ ಪಾದ ಎತ್ತಿಕೊಂಡರು. ಹಿಮ್ಮಡಿಯಲ್ಲಿ ಮುಳ್ಳೊಂದು ಮುರಿದು ಕೂತು, ಸುತ್ತ ಕೀವಾಗಿತ್ತು. ಕಾಯಿಲೆಯಿಂದ ಪಾದ ಮರಗಟ್ಟಿದ್ದ ತಾತನಿಗೆ ಅದು ಗೊತ್ತೇ ಆಗಿರಲಿಲ್ಲ. ಆಸ್ಪತ್ರೆ ಎಂದ ಕೂಡಲೇ ತಾತ ಅಳತೊಡಗಿದ. ಅವನ ಅಣ್ಣ ಹೀಗೇ ಹೋಗಿ ಒಂಟಿ ಕಾಲಲ್ಲಿ ವಾಪಸಾಗಿದ್ದನಂತೆ.

"ನಾನೂ ಜೊತೆಗೆ ಬರ್ತೀನಿ. ನಿಮ್ಮನ್ನ ಕೇಳ್ದೆ ಯಾರೂ ಏನೂ ಮಾಡಲ್ಲ" ಎಂದು ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ, ವ್ಯಾನಿನಲ್ಲಿ ತಾತನ ಪಕ್ಕ ಕೂತರು. ದಾರಿಯುದ್ದಕ್ಕೂ ಇಬ್ಬರದೂ ಗುಲಾಬಿ ಗಿಡಗಳದೇ ಮಾತು. ಕಾಲು ಉಳಿಯಿತು.

ಆ ಯೋಜನೆ ಮುಗಿದಿದೆ, ಡಾಕ್ಟರಮ್ಮ ನಿವೃತ್ತರಾಗಿದ್ದಾರೆ. ನನ್ನ ಕಣ್ಣಲ್ಲಿ ಉಳಿದಿರುವುದು ತಾತನನ್ನು ಆಸ್ಪತ್ರೆಗೆ ಕರೆದೊಯ್ದ ಮರುತಿಂಗಳ ಆ ಬೆಳಗು. ನಮ್ಮ ವ್ಯಾನು ಅವನ ಊರು ಮುಟ್ಟುವಷ್ಟರಲ್ಲಿ, ಅದುವರೆಗೆ ನಾವು ಬಂದಾಗ ಮನೆಯಿಂದ ಆಚೆಗೇ ಬರದಿದ್ದ ಹೆಂಗಸರೆಲ್ಲ ನಲ್ಲಿಯ ಹತ್ತಿರ ಸೇರಿ, ಡಾಕ್ಟರಮ್ಮನಿಗೆ ತೋರಿಸಲೆಂದು ಒಬ್ಬರ ಕಾಲಿಗೊಬ್ಬರು ನೀರು ಹೊಯ್ಯುತ್ತ ನಗುತ್ತಿದ್ದರು.