ಮುಚ್ಚಿದ್ದ ವಾಲ್ವು

ಆರು ವರ್ಷದ ಹಿಂದೆ, ದಸರೆಯ ಮರುದಿನ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ, ಚಹಾ ಅಂಗಡಿಯ ಎಡಗಡೆ ನಿಂತಿದ್ದೆ. ವ್ಯಾನು ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಬೆಳಕು ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡಿದ್ದೆ. ಮುಂದೆ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅದಕ್ಕೇ ಇಷ್ಟನ್ನು ಮೊದಲು ಹೇಳುತ್ತಿದ್ದೇನೆ. ಆ ಹೊತ್ತಿಗಾಗಲೇ ಕಾರ್ಖಾನೆಯ ಅಗ್ನಿಶಾಮಕ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದವನು ನಾನು. ಬೆಂಕಿ ಹತ್ತಲು ಕಾರಣವಿರುತ್ತದೆ, ಆರಲೂ ಇರುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ.

ವ್ಯಾನು ನಮ್ಮ ಓಣಿಯ ಶರಣಪ್ಪನದು. ಹಳೆಯದು, ಎಂಜಿನ್ ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ದಿನಾ ಬೆಳಿಗ್ಗೆ ಒಂಬತ್ತು ಮಂದಿ ಹೆಂಗಸರನ್ನು ಗಚ್ಚಿಬೌಲಿಯ ಕಟ್ಟಡದ ಕೆಲಸಕ್ಕೆ ಒಯ್ಯುತ್ತಿದ್ದ. ಅವರಲ್ಲಿ ಅವನ ಅಕ್ಕ ನಾಗಮ್ಮನೂ ಒಬ್ಬಳು. ಎಂಜಿನ್ ಬಿಸಿ ಕಂಡು ಭಯವಾಗಿ ನಾನೇ ಒಂದು ಸಿಲಿಂಡರ್ ಕೂಡಿಸಿ ಕೊಟ್ಟಿದ್ದೆ. ಎಡ ಸೀಟಿನ ಕೆಳಗೆ ಬೆಂಕಿ ಆರಿಸುವ ಪುಡಿ ತುಂಬಿದ ಸಿಲಿಂಡರ್, ಅದರಿಂದ ಎಂಜಿನ್ ಸುತ್ತ ಒಂದು ಪ್ಲಾಸ್ಟಿಕ್ ನಳಿಗೆ. ಬೆಂಕಿ ತಾಗಿದಲ್ಲಿ ನಳಿಗೆ ಕರಗಿ ತೂತಾಗುತ್ತದೆ, ಅಲ್ಲಿಂದ ಪುಡಿ ನುಗ್ಗುತ್ತದೆ. ಸಿಲಿಂಡರಿನ ಕುತ್ತಿಗೆಗೆ ಒಂದು ವಾಲ್ವು. ಹಿಡಿಕೆ ಅಡ್ಡವಿದ್ದರೆ ಮುಚ್ಚಿದೆ ಎಂದು ಅರ್ಥ.

ಖಂಡೇನವಮಿಯ ದಿನ ಪೂಜೆಗೆಂದು ವ್ಯಾನು ತೊಳೆದೆವು. ನೀರಿನ ಹೊಡೆತಕ್ಕೆ ನಳಿಗೆ ಸಡಿಲವಾದರೆ ಪುಡಿಯೆಲ್ಲ ಹೋದೀತೆಂದು ನಾನು ವಾಲ್ವು ಮುಚ್ಚಿ, ಕಾರ್ಖಾನೆಯ ಪದ್ಧತಿಯಂತೆ ಹಿಡಿಕೆಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆ. ಕೈ ತೊಳೆದು ಬರುವಷ್ಟರಲ್ಲಿ ನಾಗಮ್ಮ ಎಂಜಿನ್ನಿಗೆ, ಸ್ಟೇರಿಂಗಿಗೆ, ಸಿಲಿಂಡರಿಗೂ ವಿಭೂತಿ ಕುಂಕುಮ ಹಚ್ಚಿಯಾಗಿತ್ತು. ವಾಲ್ವು ತೆರೆಯಲು ನಾನು ಬಗ್ಗಿದ್ದೇ ತಡೆದಳು.

"ಪೂಜಿ ಆಗೈತ್ರಿ ಅಣ್ಣಾರ. ಈಗ ಕೈ ಹಚ್ಚಬ್ಯಾಡ್ರಿ. ನಾಳಿ ಕಾಯಿ ಇಳಿಸಿದ ಮ್ಯಾಲ ಏನ್ ಬೇಕಾದ್ ಮಾಡ್ಕೋರಿ."

"ಒಂದಿನ ನಿಮ್ಮ ಸಿಲಿಂಡರ್‌ಗೂ ರಜಾ ಕೊಡ್ರಿ ಸಾಹೇಬ್ರ," ಎಂದು ಶರಣಪ್ಪ ನಕ್ಕ. ನಾನೂ ನಕ್ಕೆ.

ಮರುದಿನ ಬನ್ನಿ ಕೊಡಲು ಮಿಯಾಪುರದ ನೆಂಟರ ಮನೆಗೆ ಹೋದವನು ವಾಲ್ವು ತೆರೆಯುವುದನ್ನೇ ಮರೆತೆ.

ಅದರ ಮರುದಿನ ಆ ಚಹಾ ಅಂಗಡಿಯ ಬಳಿ ನಿಂತಾಗಲೇ ನೆನಪಾದದ್ದು. ಹೆಂಗಸರು ಹತ್ತಿಯಾಗಿತ್ತು. ಶರಣಪ್ಪ ಎಂಜಿನ್ ಶುರು ಮಾಡಿದ. ಕೂಗಿ ನಿಲ್ಲಿಸೋಣವೆಂದು ಎರಡು ಹೆಜ್ಜೆ ಇಟ್ಟಿರಬೇಕು, ಮುಚ್ಚಳದ ಅಂಚಿನಿಂದ ಹೊಗೆ, ಹಿಂದೆಯೇ ಉರಿ. ಡೀಸೆಲ್ ಪೈಪು ಬಿರಿದಿತ್ತೆಂದು ಆಮೇಲೆ ಗೊತ್ತಾಯಿತು. ಶರಣಪ್ಪ ಕೆಳಗೆ ಹಾರಿ ಪಕ್ಕದ ಬಾಗಿಲಿಗೆ ಓಡಿದ. ಅದನ್ನು ಹೊರಗಿನಿಂದಷ್ಟೇ ತೆಗೆಯಬಹುದಿತ್ತು. ಒಳಗಿನ ಹಿಡಿ ಮುರಿದು ತಿಂಗಳಾಗಿತ್ತು. ಬಾಗಿಲು ಜಾರಲಿಲ್ಲ. ನಾನೂ ಹೋಗಿ ಎಳೆದೆ. ಗಾಜಿಗೆ ಹತ್ತಿದ ಮುಖಗಳು ಕಾಣುತ್ತಿದ್ದವು. ನಾಗಮ್ಮ ಅಂಗೈಯಿಂದ ಗಾಜು ಬಡಿಯುತ್ತಿದ್ದಳು. ವಾಲ್ವು ಇರುವುದು ಉರಿಯ ಪಕ್ಕದಲ್ಲೇ, ಅಲ್ಲಿಗೆ ಕೈ ಹಾಕುವಂತಿಲ್ಲ. ಅದು ಇನ್ನೂ ಮುಚ್ಚಿಯೇ ಇದೆ ಎಂಬುದು ಅಷ್ಟು ಜನರ ನಡುವೆ ನನಗೊಬ್ಬನಿಗೇ ಗೊತ್ತಿತ್ತು. ಮತ್ತೆ ಬಾಗಿಲು ಎಳೆದೆ.

ಆಗ ಒಳಗೆ ಬುಸ್ ಎಂದು ಉದ್ದನೆಯ ಸದ್ದಾಯಿತು. ಸಾವಿರ ಸಲ ಕೇಳಿದ ಸದ್ದು ಅದು, ಸಿಲಿಂಡರ್ ಖಾಲಿಯಾಗುವಾಗಿನದು. ಮುಂಭಾಗವೆಲ್ಲ ಬಿಳಿಯ ಮೋಡ. ಉರಿ ಹೋಯಿತು. ಅದೇ ಹೊತ್ತಿಗೆ ಬಾಗಿಲೂ ಜಾರಿತು. ಒಂಬತ್ತು ಜನರೂ ಕೆಮ್ಮುತ್ತ ಇಳಿದರು. ಯಾರಿಗೂ ಸುಟ್ಟಿರಲಿಲ್ಲ.

ಬಿಸಿ ಇಳಿದ ಮೇಲೆ ನಾನು ಮುಚ್ಚಳ ಎತ್ತಿದೆ. ಎಂಜಿನ್ ಮೇಲೆ ಎರಡು ಬೆರಳು ದಪ್ಪ ಪುಡಿ. ನಳಿಗೆ ಕರಗಿ ತೂತಾಗಿತ್ತು. ಸೀಟು ಎತ್ತಿದೆ. ವಾಲ್ವಿನ ಹಿಡಿಕೆ ಅಡ್ಡವೇ ಇತ್ತು. ಕೆಂಪು ಬಟ್ಟೆ ನಾನು ಹಾಕಿದ ಗಂಟಿನಲ್ಲೇ ಇತ್ತು. ಸಿಲಿಂಡರಿನ ಮೇಲಿನ ಕುಂಕುಮ ಅಳಿಸಿರಲಿಲ್ಲ. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿತ್ತು, ಅಂದರೆ ಸಿಲಿಂಡರ್ ತುಂಬಿಯೇ ಇತ್ತು. ನಂಬದೆ, ಎದುರಿನ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಸಿಲಿಂಡರಿಗೆ ಅಂಟಿಸಿದ್ದ ಚೀಟಿಯಲ್ಲಿ ಬರೆದ ತೂಕಕ್ಕೆ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಸುತ್ತ ಅಂಗಡಿಗಳಲ್ಲಿ, ಆಟೋದವರಲ್ಲಿ ಯಾರ ಬಳಿಯೂ ಬೇರೆ ಸಿಲಿಂಡರ್ ಇರಲಿಲ್ಲ, ಒಬ್ಬೊಬ್ಬರನ್ನೂ ಕೇಳಿದೆ.

ನಾಗಮ್ಮ ಬಂದು ನನ್ನ ಪಕ್ಕ ನಿಂತಳು. ಕೂದಲ ತುಂಬ ಪುಡಿ. ಕೆಂಪು ಬಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ನಾ ಮುಟ್ಟಬ್ಯಾಡ ಅಂದಿದ್ದೆ. ಆಮ್ಯಾಲ ನೀವು ಮುಟ್ಟಿದ್ರೇನು?"

"ಇಲ್ಲವ್ವಾ. ಮರ್ತೆ."

ಶರಣಪ್ಪ ಬಗ್ಗಿ ಗಂಟು ಬಿಚ್ಚಿದ, ಬಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

ಉಳಿದ ಎಂಟು ಜನ ಆ ದಿನ ನನಗೆ ಕೈ ಮುಗಿದರು. ತಪ್ಪು ನನ್ನದೆಂದು ಹೇಳಲು ಬಾಯಿ ಬರಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಈಗಲೂ ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಸಿಲಿಂಡರ್ ಬಿಡುವಾಗ ಆ ಸದ್ದಿಗೆ ನಾನು ಗೋಡೆ ಹಿಡಿದುಕೊಳ್ಳುತ್ತೇನೆ. ಆ ಪುಡಿ ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತಿಲ್ಲ.

ಹಿಡಿಕೆ ಅಡ್ಡವಿದ್ದುದನ್ನು ನನ್ನೊಂದಿಗೆ ನೋಡಿದವರು ಇಬ್ಬರು. ಶರಣಪ್ಪ ಅದೇ ವ್ಯಾನು ಓಡಿಸುತ್ತಿದ್ದಾನೆ. ನಾಗಮ್ಮ ಮಿಯಾಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಇಬ್ಬರೂ ಬದುಕಿದ್ದಾರೆ.